ಬಾನೆಟ್ಟಿನ ಒಳಗಿನ ಹಳದಿ ಅಕ್ಷರ

ಮಿಸ್ತ್ರಿ ಕೂತದ್ದನ್ನು ನಾನು ನೋಡಿದ್ದು ಒಂದೇ ಸಲ. ಆಗ ಅವರು ತೀರಿಕೊಂಡು ಆರು ತಾಸಾಗಿತ್ತು. ನಮ್ಮ ಲಿಂಗಾಯತರ ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸುತ್ತಾರೆ, ಹಣೆಗೆ ವಿಭೂತಿ ಬಳಿದು ಕೊರಳಿಗೆ ಹಾರ ಹಾಕುತ್ತಾರೆ. ಚೌಡಾಪುರದ ಅವರ ಮನೆಯ ಕಟ್ಟೆಯ ಮೇಲೆ ಹಾಗೆ ಕೂರಿಸಿದ್ದರು. ನನಗೆ ಆ ನೋಟ ಸಹಿಸಲಾಗಲಿಲ್ಲ. ಅಂಗಳದಲ್ಲೇ ಅತ್ತಿಂದಿತ್ತ ನಾಲ್ಕೈದು ಸಲ ಓಡಾಡಿದೆ. ಪಕ್ಕದವರೊಬ್ಬರು, “ಯಾಕ್ರಿ ಸರ, ಗಡಿಬಿಡಿ ಅದ ಏನು? ಮಣ್ಣಾಗೋತನಾ ನಿಲ್ರಿ” ಎಂದರು. ಗಡಿಬಿಡಿ ಏನೂ ಇರಲಿಲ್ಲ. ಅಲ್ಲಿ ನಿಲ್ಲುವ ಮುಖ ನನಗಿರಲಿಲ್ಲ.

ನಾನು ಬೀಜದ ಕಂಪನಿಯೊಂದರ ಮಾರಾಟದ ಮನುಷ್ಯ. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲ್ಲೂಕು ನನ್ನ ಪಾಲಿಗೆ ಬಂದವು. ಬೆಳಿಗ್ಗೆ ಸರಸಂಬಾದಲ್ಲಿ ತೊಗರಿ ಹೊಲ ನೋಡಿದರೆ ಮಧ್ಯಾಹ್ನ ಕಡಗಂಚಿಯ ಅಂಗಡಿ, ಸಂಜೆಗೆ ಭೀಮಾ ದಾಟಿ ಜೇವರ್ಗಿ. ಕಾಲಿಗೆ ಚಕ್ರ ಕಟ್ಟಿಕೊಂಡವನು ಎಂದು ಹೆಂಡತಿ ಆಡಿಕೊಳ್ಳುತ್ತಾಳೆ. ಊಟದ ತಟ್ಟೆಯ ಮುಂದೆ ಕೂತಾಗಲೂ ನನ್ನ ಮೊಣಕಾಲು ಕುಣಿಯುತ್ತಿರುತ್ತದಂತೆ. ಹೀಗೆ ಓಡಿ ಓಡಿ ನನ್ನ ಹಳೆಯ ಡೀಸೆಲ್ ಕಾರಿನ ಮೀಟರು ಎರಡೂವರೆ ಲಕ್ಷ ಕಿಲೋಮೀಟರ್ ದಾಟಿತ್ತು. ಅಷ್ಟು ಓಡಿದ ಗಾಡಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಇಂಜಿನ್ ಆಯಿಲ್ ಕುಡಿಯತೊಡಗುತ್ತದೆ. ನನ್ನದು ಸರಿಯಾಗಿಯೇ ಕುಡಿಯುತ್ತಿತ್ತು. ಡಿಕ್ಕಿಯಲ್ಲಿ ಬೀಜದ ಚೀಲಗಳ ನಡುವೆ ಸದಾ ಒಂದು ಆಯಿಲ್ ಡಬ್ಬಿ ಇಟ್ಟುಕೊಂಡು ತಿರುಗುತ್ತಿದ್ದೆ.

ಒಂದು ದಿನ ಚೌಡಾಪುರದಲ್ಲಿ, ಗಾಣಗಾಪುರಕ್ಕೆ ತಿರುಗುವ ಕ್ರಾಸಿಗಿಂತ ಸ್ವಲ್ಪ ಹಿಂದೆ, ಗಾಡಿ ನಿಲ್ಲಿಸಿ ಆಯಿಲ್ ಸುರಿಯುತ್ತಿದ್ದೆ. ರಸ್ತೆಯಾಚೆಯ ಗ್ಯಾರೇಜಿನ ಶೆಡ್ಡಿನಿಂದ ಈ ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ ದಾಟಿ ಬಂದರು. ತೆಳ್ಳಗೆ, ಉದ್ದಕ್ಕೆ, ಅರವತ್ತರ ಹತ್ತಿರದ ವಯಸ್ಸು. ನಮಸ್ಕಾರವಿಲ್ಲ, ಹೆಸರು ಕೇಳುವುದಿಲ್ಲ.

“ಎಷ್ಟು ಕುಡೀತದ್ರಿ?”

“ಯಾರು, ನಾನೋ ಗಾಡೀನೋ?” ಎಂದೆ, ತಮಾಷೆಗೆ.

ಅವರು ನಗಲಿಲ್ಲ. “ಗಾಡೀದು ಕೇಳೀನಿ. ನಿಮ್ದು ನಿಮ್ಮ ಮನ್ಯಾಗ ಕೇಳ್ತಾರ.” ಡಬ್ಬಿಯನ್ನು ನನ್ನ ಕೈಯಿಂದ ತೆಗೆದು ಕೆಳಗಿಟ್ಟರು. “ಮುಂಜಾನಿ ಮೊದಲ ಚಾಲೂ ಮಾಡ್ದಾಗ ನೀಲಿ ಹೊಗಿ ಬರ್ತದೋ, ಏರು ಹತ್ತಾಗ ಬರ್ತದೋ?”

ನಾನು ನೋಡಿರಲಿಲ್ಲ. ಹಾಗೆಂದೆ.

“ಇಷ್ಟು ವರ್ಷ ಆತು ಗಾಡಿ ಹೊಡ್ಯಾಕತ್ತು, ಒಮ್ಮೆನೂ ಹಿಂದ ಹೊಳ್ಳಿ ನೋಡಿಲ್ಲೇನು ಸಾಹೇಬ್ರ?”

ಗಾಡಿಯನ್ನು ಅಲ್ಲೇ ಬಿಟ್ಟು ಹೋಗಬೇಕು, ರಾತ್ರಿಯೆಲ್ಲ ತಣ್ಣಗಾಗಬೇಕು, ಮರುದಿನ ಬೆಳಿಗ್ಗೆ ನನ್ನ ಮುಂದೆಯೇ ಚಾಲೂ ಮಾಡುವುದು ಎಂದು ಅವರೇ ತೀರ್ಮಾನಿಸಿಬಿಟ್ಟರು. “ಬಿಸಿ ಇಂಜಿನ್ ಸುಳ್ಳು ಹೇಳ್ತದ್ರಿ” ಎಂದರು. ನನಗೆ ಮೈಯೆಲ್ಲ ಉರಿಯಿತು. ಬಸ್ಸಿನಲ್ಲಿ ಕಲಬುರಗಿಗೆ ಹೋಗಿ, ಮರುದಿನ ಮತ್ತೆ ಬಸ್ಸಿನಲ್ಲೇ ಬಂದೆ. ದಾರಿಯುದ್ದಕ್ಕೂ ಈ ಮನುಷ್ಯನನ್ನು ಬೈದುಕೊಂಡೆ. ಅವರು ಶೆಡ್ಡಿನ ಮುಂದೆ ನಿಂತು ಚಹಾ ಕುಡಿಯುತ್ತಿದ್ದರು. ಚಹಾ ನಿಂತೇ ಕುಡಿಯುವುದು, ರೊಟ್ಟಿ ನಿಂತೇ ತಿನ್ನುವುದು, ಫೋನು ಬಂದರೆ ರಸ್ತೆಯ ಅಂಚಿನವರೆಗೆ ನಡೆಯುತ್ತ ಮಾತಾಡುವುದು. ಗಿರಾಕಿಗಳಿಗೆ ಒಂದು ಬೆಂಚು ಇತ್ತು. ಅದರ ಮೇಲೆ ಅವರು ಪಾನಾ, ಸ್ಕ್ರೂಡ್ರೈವರುಗಳನ್ನು ಹರಡಿಟ್ಟಿರುತ್ತಿದ್ದರು, ಹಾಗಾಗಿ ನಾವೂ ನಿಂತೇ ಇರಬೇಕಿತ್ತು.

ಕೀಲಿ ತಿರುಗಿಸಲು ನನಗೆ ಹೇಳಿ ಅವರು ಗಾಡಿಯ ಹಿಂದೆ ಹೋದರು. ನೀಲಿ ಹೊಗೆ ಒಂದು ಉಂಡೆಯಾಗಿ ಬಂದು, ಹತ್ತು ಎಣಿಸುವಷ್ಟರಲ್ಲಿ ನಿಂತುಹೋಯಿತು. ಸೈಲೆನ್ಸರಿನ ಹಿಂದೆ ಅಂಗೈ ಹಿಡಿದು, ಆ ಕೈಯನ್ನು ಮೂಸಿ ನೋಡಿದರು.

“ಬಂತು, ಹೋತು. ನೋಡಿದ್ರಿಲ್ಲೋ? ರಿಂಗ್ ಛಲೋ ಅವ. ವಾಲ್ ಸೀಲ್ ಒಣಗ್ಯಾವ. ರಬ್ಬರ್ ಅದು, ವಯಸ್ಸಾದಂಗ ಬಿರುಸಾಗ್ತದ. ಗಾಡಿ ನಿಂತಾಗ ಆಯಿಲ್ ಅಲ್ಲಿಂದ ಜಿನುಗಿ ಕೆಳಗ ಇಳೀತದ, ಮುಂಜಾನಿ ಅದs ಸುಡ್ತದ. ಇದಕ್ಕ ದವಾ ಅದ.”

ದವಾ ಎಂದರೆ ಔಷಧಿ. ಆಯಿಲಿನ ಜೊತೆ ಬೆರೆಸಿ ಹಾಕುವ ಸೀಸೆಗಳನ್ನೆಲ್ಲ ಅವರು ಹಾಗೇ ಕರೆಯುತ್ತಿದ್ದರು. ಅದರಲ್ಲಿ ಎರಡು ಜಾತಿ ಎಂದು ಅವರಿಂದಲೇ ನನಗೆ ತಿಳಿದದ್ದು. ಒಂದು, ಒಣಗಿದ ರಬ್ಬರನ್ನು ಮೆತ್ತಗೆ ಮಾಡಿ ಕಟ್ಟಿದ ಮಸಿಯನ್ನು ತೊಳೆಯುವುದು. ಇದು ನಿಜಕ್ಕೂ ಕೆಲಸ ಮಾಡುತ್ತದೆ, ರೋಗ ಅದೇ ಆಗಿದ್ದರೆ. ಇನ್ನೊಂದು ಗಟ್ಟಿ ದವಾ, ಜೇನುತುಪ್ಪದಷ್ಟು ಮಂದ. ಪಿಸ್ಟನ್ನಿನ ರಿಂಗು, ಅದು ಓಡಾಡುವ ಬೋರು ಸವೆದುಹೋದ ಇಂಜಿನ್ನಿಗೆ ಅದನ್ನು ಸುರಿದರೆ ಒಂದೆರಡು ತಿಂಗಳು ಹೊಗೆ ಕಾಣುವುದಿಲ್ಲ. ಒಳಗಿನ ಸವೆತ ಹಾಗೆಯೇ ಇರುತ್ತದೆ, ದಿನ ಹೋದಂತೆ ಹೆಚ್ಚುತ್ತದೆ. ಎಲ್ಲ ಕುಡುಕ ಗಾಡಿಗೂ ಒಂದೇ ಸೀಸೆ ಸುರಿಯುವ ಗ್ಯಾರೇಜುಗಳನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. “ನೆಗಡಿಗೂ ಅದs ಗುಳಿಗಿ, ಮುರದ ಕಾಲಿಗೂ ಅದs ಗುಳಿಗಿ ಕೊಡ್ತಾರ್ರಿ ಮಕ್ಳು” ಎಂದು ಬೈಯುತ್ತಿದ್ದರು.

ಕೊರಳಿನ ಕರಡಿಗೆಯನ್ನು ಬೆನ್ನ ಹಿಂದಕ್ಕೆ ಎಸೆದುಕೊಂಡು ಇಂಜಿನ್ನಿನ ಮೇಲೆ ಬಾಗಿದರು. ಬಗ್ಗುವಾಗೆಲ್ಲ ಹಾಗೆ ಮಾಡುವುದು ಅವರ ರೂಢಿ, ಲಿಂಗಕ್ಕೆ ಮಸಿ ತಾಗಬಾರದಲ್ಲ. ಕೆಲಸ ಮುಗಿದು ಕೈ ತೊಳೆದ ಮೇಲೆ ಅದನ್ನು ಮುಂದಕ್ಕೆ ತಂದು ಕಣ್ಣಿಗೆ ಒತ್ತಿಕೊಳ್ಳುವರು. ಅವತ್ತೂ ಸೀಸೆಯ ದವಾ ಸುರಿದು, ಕೈ ತೊಳೆದು, ಕರಡಿಗೆ ಕಣ್ಣಿಗೊತ್ತಿಕೊಂಡರು. ಆಮೇಲೆ ಒಂದು ಕುಂಚ ತಂದು ನನ್ನ ಬಾನೆಟ್ಟಿನ ಒಳಮೈ ಮೇಲೆ ಹಳದಿ ಬಣ್ಣದಲ್ಲಿ ದಪ್ಪಗೆ ಬರೆದರು: ದವಾ ಹಾಕೀನಿ. ಕೆಳಗೆ ತಿಂಗಳು, ಮೀಟರಿನ ಅಂಕಿ.

“ಅಯ್ಯೋ, ಇದೇನ್ರಿ ಇದು?” ಎಂದು ಕೂಗಿಕೊಂಡೆ.

“ಬಣ್ಣ ಛಲೋ ಅದ, ಅಂಜಬ್ಯಾಡ್ರಿ. ಕಾರಹುಣ್ಣಿಮಿಗಿ ಎತ್ತಿನ ಕೋಡಿಗಿ ಹಚ್ಚಿ ಉಳದಿದ್ದು. ಮಳಿಗಿ ಹೋಗಂಗಿಲ್ಲ.”

ನನ್ನ ಗಾಡಿ ಆಯಿಲ್ ಕುಡಿಯುವುದು ಅರ್ಧಕ್ಕರ್ಧ ಇಳಿಯಿತು. ಮುಂದಿನ ಎರಡು ವರ್ಷ ನಾನು ಅವರ ಭಕ್ತನೇ ಆಗಿಬಿಟ್ಟೆ. ಚೌಡಾಪುರ ದಾಟುವಾಗಲೆಲ್ಲ ಗಾಡಿ ನಿಲ್ಲಿಸುವುದು, ನಿಂತೇ ಒಂದು ಚಹಾ, ಒಂದಿಷ್ಟು ಬೈಗುಳ. ಹಳದಿ ಅಕ್ಷರದ ಕಥೆಯನ್ನು ಹಾಗೆ ಒಂದು ದಿನ ಅವರ ಬಾಯಿಂದಲೇ ಕೇಳಿದೆ.

ಹಿಂದೆ ಅವರೂ ಎಲ್ಲರಂತೆ ಮಾರುವ ಗಾಡಿಗಳಿಗೆ ಗಟ್ಟಿ ದವಾ ಹಾಕಿಕೊಡುತ್ತಿದ್ದರಂತೆ. ಒಬ್ಬ ದಲ್ಲಾಳಿ ಹೊಗೆಯುಗುಳುವ ಜೀಪೊಂದನ್ನು ತಂದ. ಇವರು ದವಾ ಸುರಿದರು, ಹೊಗೆ ನಿಂತಿತು, ದಲ್ಲಾಳಿ ಹೋದ. ಹದಿನೈದು ದಿನಕ್ಕೆ ಸರಸಂಬಾದಿಂದ ಇವರ ಸೋದರಮಾವ ಅದೇ ಜೀಪಿಗೆ ಕುಂಕುಮ ಹಚ್ಚಿ, ನಿಂಬೆಹಣ್ಣು ಕಟ್ಟಿ, ಇವರ ಶೆಡ್ಡಿನ ಮುಂದೆಯೇ ತಂದು ನಿಲ್ಲಿಸಿದರು. “ನೋಡಲೇ ಅಳಿಯಾ, ಒಂದು ಎಳಿ ಹೊಗಿ ಇಲ್ಲ. ನಿನ್ನ ಕೇಳದs ಎಂಥಾ ಗಾಡಿ ಹುಡುಕೀನಿ!”

“ಏನು ಹೇಳ್ಲಿರಿ ನಾ? ಮಾವ ಹಂಗ ಕುಣ್ಯಾಕತ್ತಾನ. ಮೂರು ದಿನ ರೊಟ್ಟಿ ಇಳೀಲಿಲ್ಲ. ನಾಕನೇ ದಿನ ಹೋಗಿ ಇಂಜಿನ್ ಬಿಚ್ಚಿ ಹಾಕ್ದೆ. ಯಾಕ ಬಿಚ್ಚಾಕತ್ತಿ ಅಂತ ಮಾವ ಬಡ್ಯಾಕ ಬಂದಾ.”

ಅಂದಿನಿಂದ ದವಾ ಹಾಕಿದ ಪ್ರತಿ ಗಾಡಿಯ ಮೇಲೂ ಬರೆಯುವುದು ಶುರುವಾಯಿತು. ಮೆತ್ತಗಿನ ದವಾ ಆದರೂ ಸರಿ, ಗಟ್ಟಿ ದವಾ ಆದರೂ ಸರಿ. ದಲ್ಲಾಳಿಗಳು ಅಂಗಲಾಚಿದರು, ಬೈದರು. ಜೇವರ್ಗಿಯ ಒಬ್ಬ ಜಾಣ, “ಸುಣ್ಣದ ಕಡ್ಡಿಲೆ ಬರೀರಿ ಮಿಸ್ತ್ರಿ, ಸಾಕು” ಎಂದನಂತೆ. ಇವರು ಸುಣ್ಣದ ಕಡ್ಡಿಯಲ್ಲಿ ಬರೆದರು, ಆಮೇಲೆ ಆ ಗೆರೆಗಳ ಮೇಲೆಯೇ ಬಣ್ಣ ತೀಡಿದರು.

ನಾನೊಮ್ಮೆ ಕೇಳಿದೆ, ಇಷ್ಟೆಲ್ಲ ಬರೆಯುವ ಬದಲು ಕೊಳ್ಳುವವರಿಗೆ ಬಾಯಲ್ಲೇ ಹೇಳಬಹುದಲ್ಲ ಎಂದು. ಅವರಿಗೆ ಸಿಟ್ಟು ಬಂತು. “ಒಬ್ಬರ ಗಾಡಿ ಮಾತು ಇನ್ನೊಬ್ಬರ ಮುಂದ ನಾ ಆಡಂಗಿಲ್ಲ. ಡಾಕ್ಟರು ಆಡ್ತಾರೇನು? ಬರ್ದದ್ದು ಗಾಡಿ ಮ್ಯಾಲ ಇರ್ತದ. ತಗೊಳ್ಳಾವ ಬಾನೆಟ್ ಎತ್ತಿ ಓದ್ಲಿ. ನನ್ನ ಬಾಯಿ ಯಾಕ ಬೇಕು?”

ಈ ಮಾತಿನಲ್ಲಿ ಅವರು ಎಷ್ಟು ಗಟ್ಟಿ ಎಂದರೆ, ನನ್ನದೇ ಕಂಪನಿಯವನೊಬ್ಬನ ಗಾಡಿಗೆ ಏನಾಗಿದೆ ಎಂದು ನಾನು ಕೇಳಿದರೂ, “ಅವರನ್ನ ಕೇಳ್ರಿ” ಎಂದು ತಲೆಯನ್ನು ಮತ್ತೆ ಇಂಜಿನ್ನಿಗೆ ತೂರಿಸುತ್ತಿದ್ದರು.

ಕ್ರಮೇಣ ಆ ಸೀಮೆಯಲ್ಲಿ ಅದೊಂದು ವಾಡಿಕೆಯೇ ಆಯಿತು. ಅಫಜಲಪುರದ ಕಡೆ ಯಾರಾದರೂ ಹಳೆಯ ಗಾಡಿ ಕೊಳ್ಳುವಾಗ ಮೊದಲು ಬಾನೆಟ್ ಎತ್ತಿ ಹಳದಿ ಇದೆಯೋ ಇಲ್ಲವೋ ನೋಡುತ್ತಿದ್ದರು. ಚೌಡಾಪುರದ ಮಿಸ್ತ್ರಿ ನೋಡಿಕೊಂಡ ಗಾಡಿ, ಹಳದಿ ಇಲ್ಲ ಎಂದರೆ ಮುಗಿಯಿತು, ಮತ್ತೆ ಪರೀಕ್ಷೆ ಮಾಡಿಸುತ್ತಿರಲಿಲ್ಲ.

ಈಗ ನನ್ನ ಪಾಲಿನ ಮಾತು ಬರೆಯಬೇಕು. ಇದುವರೆಗೆ ಬರೆದದ್ದೆಲ್ಲ ಇದನ್ನು ಮುಂದೂಡಲು ಬರೆದದ್ದೋ ಏನೋ.

ಎರಡು ವರ್ಷದ ಮೇಲೆ ನನ್ನ ಗಾಡಿ ಮತ್ತೆ ಕುಡಿಯತೊಡಗಿತು. ಮಿಸ್ತ್ರಿ ರಸ್ತೆಯ ಮೇಲೆ ನಿಂತು, ನನಗೆ ಗಾಡಿ ಓಡಿಸಿಕೊಂಡು ಹೋಗಿ ತಿರುಗಿ ಬರಲು ಹೇಳಿದರು. ಪರೀಕ್ಷೆಗೆ ಕೂಡ ಅವರು ಗಾಡಿಯೊಳಗೆ ಕೂರುವವರಲ್ಲ. ಬಂದು ನಿಲ್ಲಿಸಿದಾಗ ತಲೆಯಾಡಿಸಿದರು.

“ಈಗ ಎಕ್ಸಲೇಟರ್ ಒತ್ತಿದಷ್ಟೂ ಹೊಗಿ ಬರಾಕತ್ತದ. ರಿಂಗ್ ಸವದಾವ ಸಾಹೇಬ್ರ, ಬೋರೂ ಸವದದ. ಬಿಚ್ಚಬೇಕು. ಎಂಟು ದಿನ ಬಿಟ್ಟು ಹೋಗ್ರಿ.”

ಎಂಟು ದಿನ! ಮಿರಗದ ಮಳೆ ಬಿದ್ದು ಬಿತ್ತನೆ ಶುರುವಾಗಿತ್ತು. ಮೂರು ತಾಲ್ಲೂಕಿನ ಅಂಗಡಿಗಳೂ ಬೀಜ ಬೀಜ ಎಂದು ಬಾಯಿ ಬಿಡುತ್ತಿದ್ದವು. ಅದೂ ಅಲ್ಲದೆ, ಇದನ್ನು ಕೊಟ್ಟು ಬೇರೆ ಗಾಡಿ ತೆಗೆದುಕೊಳ್ಳುವುದೆಂದು ಆಗಲೇ ಮನಸ್ಸಿನಲ್ಲಿ ಲೆಕ್ಕ ಹಾಕಿಟ್ಟಿದ್ದೆ.

“ಬಿಚ್ಚೋದೇನೂ ಬ್ಯಾಡ್ರಿ. ಗಟ್ಟಿ ದವಾ ಹಾಕಿಬಿಡ್ರಿ” ಎಂದೆ, ಅವರ ಮುಖ ನೋಡದೆ.

“ಮಾರೋದದ ಏನು?”

“ಹೌದ್ರಿ.”

ಕೈಯಲ್ಲಿನ ಬಟ್ಟೆ ಹಿಂಡಿದರು. “ಹಾಕಂದ್ರ ಹಾಕ್ತೇನಿ, ಗಾಡಿ ನಿಮ್ದು. ಆದ್ರ ಬರೀತೇನಿ.”

ಹಾಕಿದರು. ಹೊಗೆ ನಿಂತಿತು. ಹಳೆಯ ಸಾಲಿನ ಕೆಳಗೆ ಹೊಸ ಸಾಲು ಬಂತು: ಗಟ್ಟಿ ದವಾ ಹಾಕೀನಿ. ಬಾನೆಟ್ ಮುಚ್ಚುವ ಮುಂಚೆ, ಬಣ್ಣ ಒಣಗಲಿ ಎಂದು ಊದಿದರು ಕೂಡ.

ನಾನು ಅಲ್ಲಿಂದ ಸೀದಾ ಅಫಜಲಪುರಕ್ಕೆ ಹೋಗಿ ಬಣ್ಣದ ಅಂಗಡಿಯಲ್ಲಿ ಥಿನ್ನರ್ ಕೊಂಡೆ. ಊರಾಚೆ ಒಂದು ಜಾಲಿಗಿಡದ ಕೆಳಗೆ ಗಾಡಿ ನಿಲ್ಲಿಸಿ, ಎರಡೂ ಸಾಲುಗಳನ್ನು ಬಟ್ಟೆಯಿಂದ ತಿಕ್ಕಿ ತಿಕ್ಕಿ ಒರೆಸಿದೆ. ಹತ್ತು ನಿಮಿಷ ಹಿಡಿಯಿತು. ಒಂದೇ ಜಾಗದಲ್ಲಿ ನಿಂತು, ಅಷ್ಟು ಶ್ರದ್ಧೆಯಿಂದ, ನಾನು ಬೇರೆ ಯಾವ ಕೆಲಸವನ್ನೂ ಮಾಡಿದವನಲ್ಲ.

ಕೊಂಡವರು ಅಫಜಲಪುರದ ಹತ್ತಿರದ ಹಳ್ಳಿಯ ಒಬ್ಬ ಮಾಸ್ತರು, ಕೆಲಸದಿಂದ ನಿವೃತ್ತರಾದವರು. ಹೆಂಡತಿಯ ಕಿಡ್ನಿ ಕೆಟ್ಟು, ವಾರಕ್ಕೆ ಎರಡು ಸಲ ಕಲಬುರಗಿಗೆ ಕರೆದುಕೊಂಡು ಹೋಗಿ ರಕ್ತ ಶುದ್ಧಿ ಮಾಡಿಸಬೇಕಿತ್ತು. ಅವರು ಬಾನೆಟ್ ಎತ್ತಿ ಕನ್ನಡಕ ಏರಿಸಿ ನೋಡಿದರು.

“ಮಿಸ್ತ್ರಿ ಕೈಯಾಗಿನ ಗಾಡಿ ಅಂತ ಕೇಳೀನಿ. ಹಳದಿ ಇಲ್ಲ. ನನಗ ಅಷ್ಟು ಸಾಕ್ರಿ. ದಾರ್ಯಾಗ ನಿಲ್ಲದಂಥಾ ಗಾಡಿ ಬೇಕಿತ್ತು, ಮನ್ಯಾಕಿ ಜೀವದ ಪ್ರಶ್ನಿ ನೋಡ್ರಿ.”

ಎಲ್ಲ ಗೊತ್ತಿದ್ದೇ ಕೊಟ್ಟೆ. ಕೀಲಿಕೈ ಕೊಡುವಾಗ, “ಛಲೋ ಗಾಡಿರಿ ಇದು” ಎಂದೂ ಸೇರಿಸಿದೆ. ಹಾಗೆನ್ನಲು ನನ್ನನ್ನು ಯಾರೂ ಕೇಳಿರಲಿಲ್ಲ.

ಒಂದೂವರೆ ತಿಂಗಳಿಗೆ ಮಿಸ್ತ್ರಿಯ ಫೋನು ಬಂತು.

“ಸಾಹೇಬ್ರ, ನಿಮ್ಮ ಗಾಡಿ ಮಾಸ್ತರ ಕಡೀಗಿ ಹೋಗ್ಯಾದಲಾ. ವಾರಕ್ಕ ಎರಡು ಸಲ ನನ್ನ ಮುಂದಿಂದs ಹೋಗ್ತದ. ಹೊಗಿ ಮತ್ತ ಶುರು ಆಗ್ಯಾದ. ಅವರು ಓದ್ಯಾರಿಲ್ಲೋ?”

“ಓದ್ಯಾರ್ರಿ” ಎಂದೆ.

“ಹಂಗಾದ್ರ ಛಲೋ ಆತು. ತಿಳದು ತಗೊಂಡಾರ.” ಫೋನು ಇಟ್ಟರು. ನನ್ನ ಮಾತನ್ನು ಅವರು ನಂಬಿದ್ದರು. ಇಲ್ಲದಿದ್ದರೆ ಅಂದೇ ರಸ್ತೆಗೆ ಅಡ್ಡ ನಿಂತು ಆ ಗಾಡಿಯನ್ನು ತಡೆಯುತ್ತಿದ್ದರು.

ಮುಂದೆ ಆದದ್ದನ್ನು ನಾನು ಕೇಳಿದ್ದು ಅಫಜಲಪುರದ ಬೀಜದಂಗಡಿಯಲ್ಲಿ. ಅಂಗಡಿಯವರು ಬಿಲ್ಲು ಬರೆಯುತ್ತ, ಹವಾಮಾನದ ಮಾತು ಆಡಿದಷ್ಟು ಸಲೀಸಾಗಿ ಹೇಳಿದರು. “ನಿಮ್ಮ ಮಿಸ್ತ್ರಿಗಿ ಮರವು ಹತ್ತೇದ್ರಿ ಸರ.”

ಆಸ್ಪತ್ರೆಗೆ ಹೋಗುವ ದಿನವೇ ಮಾಸ್ತರ ಗಾಡಿ ಚೌಡಾಪುರದ ಹತ್ತಿರ ನಿಂತುಹೋಯಿತಂತೆ. ನಾಲ್ಕು ಜನ ಸೇರಿ ಅದನ್ನು ಮಿಸ್ತ್ರಿಯ ಶೆಡ್ಡಿಗೆ ತಳ್ಳಿಕೊಂಡು ಬಂದರು. ಮಿಸ್ತ್ರಿ ಮೊದಲು ಮಾಸ್ತರನ್ನೂ ಅವರ ಹೆಂಡತಿಯನ್ನೂ ಶೆಡ್ಡಿಗೆ ಸಾಮಾನು ತರುವ ತಮ್ಮ ವ್ಯಾನಿನಲ್ಲಿ ಕೂರಿಸಿ, ಪಕ್ಕದವರಿಗೆ ಓಡಿಸಲು ಕೊಟ್ಟು ಕಲಬುರಗಿಗೆ ಕಳಿಸಿದರು. ಆಮೇಲೆ ಬಾನೆಟ್ ಎತ್ತಿದರು. ಸಂಜೆ ಮಾಸ್ತರು ತಿರುಗಿ ಬಂದು ನೇರವಾಗಿ ಕೇಳಿದರು, ಈ ಗಾಡಿಗೆ ದವಾ ಹಾಕಿದ್ದಿರೇನು ಎಂದು. ಹಾಕೀನಿ ಎಂದರು ಮಿಸ್ತ್ರಿ. ಹಾಗಾದರೆ ಬರೆದಿಲ್ಲವೇಕೆ ಎಂದರು ಮಾಸ್ತರು.

“ಮರತೀನಿ ಅಂದ್ರಂತ್ರಿ” ಎಂದರು ಅಂಗಡಿಯವರು. “ಪಾಪ, ಕೂಲಿ ಮುಟ್ಟದs ಇಂಜಿನ್ ಪೂರಾ ಮಾಡಿಕೊಟ್ಟಾರ. ಆದ್ರ ಒಮ್ಮೆ ಮರತವರು ಮತ್ತೊಮ್ಮೆ ಮರೀಲಾರ್ದs ಇರ್ತಾರೇನು? ಈಗ ಯಾವ ಗಾಡಿ ಬಾನೆಟ್ ನೋಡಿ ನಂಬೋದು ಹೇಳ್ರಿ?”

ಅವರು ಸುಳ್ಳು ಹೇಳುವವರಲ್ಲ. ದವಾ ಹಾಕಿಲ್ಲ ಎನ್ನಲಾರರು. ಒಬ್ಬರ ಗಾಡಿಯ ಮಾತನ್ನು ಇನ್ನೊಬ್ಬರ ಮುಂದೆ ಆಡುವವರೂ ಅಲ್ಲ. ಸಾಹೇಬ್ರು ಒರೆಸಿದ್ದಾರೆ ಎನ್ನಲಾರರು. ಎರಡರ ನಡುವೆ ಸಿಕ್ಕಿಬಿದ್ದವರಿಗೆ ಅದೊಂದೇ ಉತ್ತರ ಉಳಿದಿತ್ತು. ಅದಕ್ಕಾಗಿ ಹೇಳಬಾರದಂಥ ಸುಳ್ಳೊಂದನ್ನು, ತಮ್ಮ ಮೇಲೆಯೇ, ಹೇಳಿಕೊಂಡರು.

ಗಿರಾಕಿಗಳು ಕಡಿಮೆಯಾದರು. ಜೇವರ್ಗಿಯಲ್ಲಿ ಟೈರಿನ ಅಂಗಡಿ ಇಟ್ಟಿದ್ದ ಮಗ ಸುದ್ದಿ ಕೇಳಿ ಗಾಬರಿಯಾಗಿ ಬಂದ. ಅವನದೇನೂ ತಪ್ಪಿಲ್ಲ. ಮರೆಯುವ ಕೈ ನಾಳೆ ಬ್ರೇಕಿನ ನಟ್ಟು ಬಿಗಿಯುವುದನ್ನೂ ಮರೆಯಬಹುದು, ಯಾರದಾದರೂ ಜೀವ ಹೋದರೆ ಯಾರು ಹೊಣೆ ಎಂದು ಅವನ ಭಯ. ಶೆಡ್ಡಿಗೆ ಬೀಗ ಹಾಕಿಸಿ ಹೋದ.

ನಾನು ಇದನ್ನೆಲ್ಲ ಕೇಳಿದೆ. ಕೇಳಿದ ಮರುದಿನದಿಂದ ಆಳಂದದಿಂದ ಅಫಜಲಪುರಕ್ಕೆ ಒಳರಸ್ತೆ ಹಿಡಿದೆ. ಉದ್ದದ ದಾರಿ, ಹಾಳಾದ ದಾರಿ, ಆದರೆ ಚೌಡಾಪುರ ಸಿಗುವುದಿಲ್ಲ. ಹೊಸ ಗಾಡಿಯ ಟೈರು ಎರಡು ಸಲ ಒಡೆಯಿತು. ಮನೆಯಲ್ಲಿ ಸುಮ್ಮಸುಮ್ಮನೆ ಸಿಡುಕಿದೆ. ಊಟಕ್ಕೆ ಕೂತರೆ ಮಧ್ಯದಲ್ಲಿ ಏಳುವುದು, ಟಿ.ವಿ. ಹಚ್ಚುವುದು, ಆರಿಸುವುದು. “ಯಾರ ಮ್ಯಾಲಿನ ಸಿಟ್ಟು ಇದು?” ಎಂದು ಹೆಂಡತಿ ಕೇಳಿದರೆ ಮಘೆ, ಹುಬ್ಬೆ ಎಂದು ಮಳೆಯ ಹೆಸರು ಹೇಳುತ್ತಿದ್ದೆ.

ಒಂದು ಸಲ ಮಾತ್ರ, ಬೇರೆ ದಾರಿ ಇಲ್ಲದೆ, ಚೌಡಾಪುರದ ಮೇಲೆಯೇ ಹೋಗಬೇಕಾಯಿತು. ಹಗಲು ಹನ್ನೊಂದರ ಹೊತ್ತು. ಬೀಗ ಹಾಕಿದ ಶೆಡ್ಡಿನ ಮುಂದೆ ಅವರು ನಡೆಯುತ್ತಿದ್ದರು. ಶಟರಿನಿಂದ ರಸ್ತೆಯ ಅಂಚಿಗೆ, ಅಲ್ಲಿಂದ ಮತ್ತೆ ಶಟರಿಗೆ. ಬಿಳಿ ಅಂಗಿ ತೊಟ್ಟಿದ್ದರು, ಕೈಗಳು ತೊಳೆದಷ್ಟು ಬಿಳಿಯಾಗಿದ್ದವು, ಅವುಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದವರಂತೆ ಒಂದನ್ನೊಂದು ಒರೆಸುತ್ತಿದ್ದರು. ಹಾದುಹೋಗುವ ಪ್ರತಿ ಗಾಡಿಯ ಸದ್ದಿಗೂ ತಲೆ ತಿರುಗಿಸುತ್ತಿದ್ದರು. ನನ್ನ ಹೊಸ ಗಾಡಿಯ ಸದ್ದು ಅವರಿಗೆ ಗೊತ್ತಿರಲಿಲ್ಲ. ನಾನು ಗಾಜು ಏರಿಸಿ ಎಕ್ಸಲೇಟರ್ ಒತ್ತಿದೆ.

ಆಮೇಲೊಂದು ದಿನ ಅವರೇ ಫೋನು ಮಾಡಿದರು. ಬೈಗುಳವಿಲ್ಲ, ಪ್ರಶ್ನೆಯಿಲ್ಲ. “ಸಾಹೇಬ್ರ, ಬಾಳ ದಿನ ಆತು. ಈ ಕಡಿ ಬಂದಾಗ ಚಹಾ ಕುಡದು ಹೋಗ್ರಿ.”

“ಬರ್ತೇನ್ರಿ, ಬಿಲ್ಕುಲ್ ಬರ್ತೇನಿ” ಎಂದೆ. ಹೋಗಲಿಲ್ಲ. ಅವರು ನನ್ನನ್ನು ಏಕೆ ಕರೆದರು ಎಂದು ಇವತ್ತಿಗೂ ಯೋಚಿಸುತ್ತೇನೆ. ನಾನೇ ಬಂದು ಹೇಳಲಿ ಎಂದು ಕಾದಿದ್ದರೇ? ಅಥವಾ ಬರೀ ಚಹಾಕ್ಕೇ ಕರೆದಿದ್ದರೇ? ಎರಡರಲ್ಲಿ ಯಾವುದೇ ಆಗಿದ್ದರೂ ನನಗೆ ನಿದ್ದೆ ಬರುವುದಿಲ್ಲ. ಏಳು ತಿಂಗಳು ಹೀಗೆ ಕಳೆಯಿತು. ಒಂದು ಬೆಳಿಗ್ಗೆ ಎದೆನೋವು ಎಂದವರು ಕಲಬುರಗಿ ಮುಟ್ಟಲಿಲ್ಲ.

ನಾಲ್ಕು ದಿನ ಬಿಟ್ಟು ಊರಿನ ಮಠದಲ್ಲಿ ನುಡಿನಮನ ಇಟ್ಟುಕೊಂಡಿದ್ದರು. ಚೌಡಾಪುರವೆಲ್ಲ ಬಂದಿತ್ತು, ದಲ್ಲಾಳಿಗಳೂ ಬಂದಿದ್ದರು. ಮಾಸ್ತರು ಎದ್ದು ನಿಂತು ಮಾತಾಡಿದರು. “ಇವತ್ತು ನಮ್ಮ ಮನ್ಯಾಕಿ ಜೀವಂತ ಅದಾಳಂದ್ರ ಅವರಿಂದ. ಎಷ್ಟು ದೊಡ್ಡ ಮನಷ್ಯಾ ನೋಡ್ರಿ, ನನ್ನ ಗಾಡಿ ಮ್ಯಾಲ ಬರಿಯೋದು ಮರತೀನಿ, ತಪ್ಪು ನಂದು ಅಂತ ತಾವೇ ಒಪ್ಕೊಂಡ್ರು. ಜೀವಮಾನದಾಗ ಅದೊಂದೇ ತಪ್ಪು.” ಸಭೆಯಲ್ಲಿ ಎಲ್ಲರೂ ತಲೆದೂಗಿದರು. ನನ್ನ ಹಿಂದೆ ಕೂತವರು, “ಕೊನಿಗಾಲಕ್ಕ ಮರವು ಬಂದಿತ್ತು ಪಾಪ” ಎಂದು ಲೊಚಗುಟ್ಟಿದರು.

ನನ್ನ ಸರದಿ ಬಂತು. ಮಾತು ಮಾರಿಯೇ ಹೊಟ್ಟೆ ಹೊರೆಯುವವನಲ್ಲವೇ, ಚೆನ್ನಾಗಿಯೇ ಮಾತಾಡಿದೆ. ತಣ್ಣಗಿನ ಇಂಜಿನ್ನು, ಕೋಡಿನ ಬಣ್ಣ, ಮಾವನ ಜೀಪು, ಸುಣ್ಣದ ಕಡ್ಡಿ. ಜನ ನಕ್ಕರು, ಕಣ್ಣೊರೆಸಿಕೊಂಡರು. ಹೇಳಬೇಕಾದ ಒಂದು ವಾಕ್ಯ ನಾಲಿಗೆಯ ತುದಿಯವರೆಗೆ ಬಂತು. ಎದುರಿಗೆ ಮಾಸ್ತರು ಕೈ ಮುಗಿದು ಕೂತಿದ್ದರು, ಅವರ ಪಕ್ಕದಲ್ಲಿ ನನ್ನಿಂದ ಬೀಜ ಕೊಳ್ಳುವ ಅಂಗಡಿಯವರು ಕೂತಿದ್ದರು. ನಮಸ್ಕಾರ ಎಂದು ಇಳಿದುಬಿಟ್ಟೆ.

ಪ್ರಸಾದಕ್ಕೆ ನಿಲ್ಲದೆ ಗಾಡಿ ಹತ್ತಿದೆ. ಕಲಬುರಗಿಯ ಕಡೆ ಎರಡು ಮೈಲಿ ಹೋಗಿರಬಹುದು. ಆ ಮನುಷ್ಯನನ್ನು ಊರಿಗೆ ಊರೇ ಮರೆವಿನವನೆಂದು ಮಣ್ಣು ಮಾಡಿತು, ನಾನು ಅದರ ಮೇಲೆ ಒಂದು ಒಳ್ಳೆಯ ಭಾಷಣ ಮಾಡಿ ಬಂದೆ. ಗಾಡಿ ತಿರುಗಿಸಿದೆ.

ಮಿಸ್ತ್ರಿಯ ಹೆಂಡತಿ ಕಟ್ಟೆಯ ಮೇಲೆ ಒಬ್ಬರೇ ಮೊರದಲ್ಲಿ ತೊಗರಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದರು. ಮನೆಯವರೆಲ್ಲ ಇನ್ನೂ ಮಠದಲ್ಲೇ ಇದ್ದರು.

“ಬರ್ರಿ ತಮ್ಮಾ. ಭಾಷಣ ಛಲೋ ಮಾಡಿದ್ರಂತ, ಈಗ ಬಂದವರು ಹೇಳಿದ್ರು. ಕುಂಡ್ರಿ, ಚಹಾ ಇಡ್ತೀನಿ.”

“ಚಹಾ ಬ್ಯಾಡ ಅಕ್ಕಾ” ಎಂದೆ. ನಿಂತೇ ಹೇಳಿದೆ, ಕೂತರೆ ಹೇಳಲಾರೆ ಎನ್ನಿಸಿತು. “ಮಾಸ್ತರ ಗಾಡಿ ಮ್ಯಾಲ ಅವರು ಬರೆಯೋದು ಮರತಿರಲಿಲ್ಲ. ಬರದಿದ್ರು. ನಾ ಒರಸೀನಿ.”

ತೊಗರಿಯ ಮೇಲಿನ ಕೈ ನಿಂತಿತು. “ಏನು ಒರಸಿದ್ರಿ?”

ಎಲ್ಲ ಹೇಳಿದೆ. ಥಿನ್ನರ್, ಜಾಲಿಗಿಡ, ಫೋನಿನಲ್ಲಿ ಓದ್ಯಾರೆ ಎಂದದ್ದು, ಒಳರಸ್ತೆ. ಏನನ್ನೂ ಬಿಡಲಿಲ್ಲ. ಅವರು ಬೈಯಲಿ ಎಂದು ಕಾಯುತ್ತಿದ್ದೆ, ಬೈದರೆ ಸ್ವಲ್ಪ ಹಗುರಾಗುತ್ತಿತ್ತೇನೋ. ಅವರು ಬೈಯಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

“ಹಂಗಾದ್ರ ಅವರಿಗಿ ಮರವು ಇರಲಿಲ್ಲೇನು?”

“ಇರಲಿಲ್ಲ ಅಕ್ಕಾ.”

“ಒಂದು ಚೂರೂ?”

“ಒಂದು ಚೂರೂ ಇರಲಿಲ್ಲ.”

ಅವರು ಮೊರವನ್ನು ಮಡಿಲಿನಿಂದ ಕೆಳಗಿಟ್ಟರು. ನನಗಲ್ಲ, ತಮಗೇ ಹೇಳಿಕೊಳ್ಳುವವರಂತೆ ಹೇಳಿದರು.

“ದಿನಾ ಕೇಳ್ತಿದ್ರು ತಮ್ಮಾ. ನಾ ಏನೂ ಮರತಿಲ್ಲ, ಶೆಡ್ಡಿನ ಕೀಲಿಕೈ ಕೊಡು ಅಂತಿದ್ರು. ಮತ್ಯಾಕ ಬರೀಲಿಲ್ಲ ಅಂದ್ರ ಸುಮ್ಮ ಆಗ್ತಿದ್ರು. ಮರವು ಇದ್ದವರು ಹಿಂಗs ಅಂತಾರ, ಕೊಡಬ್ಯಾಡ ಅಂತ ಮಗ ಹೇಳಿದ್ದ. ಕೀಲಿಕೈ ನನ್ನ ಸೆರಗಿನಾಗs ಇತ್ತು. ಸಾಯೋ ದಿನ ಮುಂಜಾನಿನೂ ಕೇಳಿದ್ರು. ನಾ ಕೊಡಲಿಲ್ಲ.”